ಜಪಮಾಲೆ ಪೋಣಿಸುವುದನ್ನೇ ಉದ್ಯಮ ಮಾಡಿಕೊಳ್ಳುವವರಿಗೆ: ಎಣಿಕೆ, ದಾರ, ಗಂಟು, ಬೆಲೆ

ಜಪಮಾಲೆ ಕಣ್ಣು ಮುಚ್ಚಿಕೊಂಡು ಬಳಸುವ ವಸ್ತು. ಕೊಳ್ಳುವಾಗ ಕಣ್ಣಿಗೆ ಬೀಳುವುದು ಬಣ್ಣ, ಹೊಳಪು, ಕುಚ್ಚು. ಬಳಸುವಾಗ ಲೆಕ್ಕಕ್ಕೆ ಬರುವುದು ಬೆರಳಿಗೆ ಸಿಗುವ ಮಣಿ, ಎರಡು ಮಣಿಗಳ ನಡುವಿನ ಸಂದು, ಒಂದು ಸುತ್ತು ಮುಗಿಯಿತೆಂದು ತಿಳಿಸುವ ಮೇರು. ಭಕ್ತಿಯೂ ಇದೆ, ಕೈಕೆಲಸದ ಹುಚ್ಚೂ ಇದೆ, ಎರಡನ್ನೂ ಸೇರಿಸಿ ಬದುಕು ಕಟ್ಟಿಕೊಳ್ಳಬೇಕು ಅನ್ನುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಯಾವ ದಾರ, ಯಾವ ಗಂಟು, ಎಷ್ಟು ಬೆಲೆ, ಜಾಹೀರಾತಿನಲ್ಲಿ ಯಾವ ಮಾತು, ಎಲ್ಲವನ್ನೂ ಜಪ ಮಾಡುವ ಆ ಬೆರಳಿನ ಕಡೆಯಿಂದ ತೀರ್ಮಾನಿಸಿ. ನಾನು ಮಾಡುವ ಕ್ರಮ ಹೀಗಿದೆ.

ಎಣಿಕೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ

ಹಿಂದೂ ಮತ್ತು ಬೌದ್ಧ ಮಾಲೆಗೆ 108 ಮಣಿ, ಮೇಲೊಂದು ಮೇರು. ಮೇರು 108ರಲ್ಲಿ ಸೇರುವುದಿಲ್ಲ. ಕೈಗೆ ಸುತ್ತಿಕೊಳ್ಳುವ ಚಿಕ್ಕ ಮಾಲೆಗೆ 27; ನಾಲ್ಕು ಸುತ್ತಿಗೆ 108 ಆಗುತ್ತದೆ. ಜೈನರಲ್ಲಿ 108 ಎಂದರೆ ಪಂಚಪರಮೇಷ್ಠಿಗಳ ಗುಣಗಳ ಮೊತ್ತ: ಅರಿಹಂತರ 12, ಸಿದ್ಧರ 8, ಆಚಾರ್ಯರ 36, ಉಪಾಧ್ಯಾಯರ 25, ಸಾಧುಗಳ 27. ಮುಸ್ಲಿಮರ ಜಪಮಾಲೆಯಾದ ತಸ್ಬೀಹ್ 99 ಮಣಿಯದು ಅಥವಾ 33 ಮಣಿಯದು. 99ರದ್ದಕ್ಕೆ ಪ್ರತಿ 33ಕ್ಕೊಂದು, 33ರದ್ದಕ್ಕೆ ಪ್ರತಿ 11ಕ್ಕೊಂದು ಗಡಿ ತೋರಿಸುವಂತೆ ಎರಡು ಬೇರೆ ಆಕಾರದ ಮಣಿ ಬರುತ್ತವೆ. ಕ್ಯಾಥೊಲಿಕ್ಕರ ಜಪಸರಕ್ಕೆ 59: ಹತ್ತರ ಐದು ಗುಂಪು, ಇಳಿಬಿಟ್ಟ ಭಾಗದಲ್ಲಿ ಮೂರು, ಇವುಗಳ ನಡುವೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಗೆ ಆರು ಬಿಡಿ ಮಣಿ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜಪದ ಜೊತೆ ಧ್ಯಾನಿಸುವ ‘ಬೆಳಕಿನ ರಹಸ್ಯಗಳ’ ಗುಂಪನ್ನು ಸೇರಿಸಿದಾಗಲೂ ಮಣಿಗಳ ಸಂಖ್ಯೆ ಬದಲಾಗಲಿಲ್ಲ.

ಅತಿ ಹೆಚ್ಚು ತಪ್ಪಾಗುವುದು ಗಡಿ ಮಣಿಯ ವಿಷಯದಲ್ಲಿ. ಬೌದ್ಧ ಮಾಲೆಯಲ್ಲಿ 27, 54, 81ರ ನಂತರ ಗಡಿ ಮಣಿ ಹಾಕಿಸಿಕೊಳ್ಳುವವರಿದ್ದಾರೆ. ಅವು 108ರ ಮೇಲೆ ಹೆಚ್ಚುವರಿಯಾಗಿ ಬರಬೇಕು. ಹೊಸಬರು ಅವನ್ನೂ ಸೇರಿಸಿ 108 ಮಾಡಿಬಿಡುತ್ತಾರೆ. ಅಲ್ಲಿಗೆ ಜಪ 105ಕ್ಕೇ ನಿಲ್ಲುತ್ತದೆ, ಜಪ ಮಾಡುವವರಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಪೋಣಿಸುವ ಮೊದಲೇ ಮಣಿಗಳನ್ನು 27ರಂತೆ ನಾಲ್ಕು ಸಾಲು ಗೀರಿರುವ ಹಲಗೆಯ ಮೇಲೆ ಜೋಡಿಸುತ್ತೇನೆ. ಪೋಣಿಸಿದ ಮೇಲೆ ಒಮ್ಮೆ ಕಣ್ಣಿನಿಂದ, ಒಮ್ಮೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಎಣಿಕೆ. ಮೂರನೆಯದು ಇನ್ನೊಬ್ಬರಿಂದ. ಕೆಲಸದ ನಡುವೆ ನಾಮ ಹೇಳುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮನಸ್ಸು ಎರಡು ಎಣಿಕೆ ಇಡಲಾರದು, ಎರಡೂ ಕೆಡುತ್ತವೆ. ಜಪಕ್ಕೆ ಬೇರೆ ಹೊತ್ತು, ಬೇರೆ ಜಾಗ, ನಿಮ್ಮದೇ ಬೇರೆ ಮಾಲೆ ಇರಲಿ. ಆ ಮಾಲೆಯ ಫೋಟೊ ಮಾರಾಟಕ್ಕೆ ಬರಬಾರದು ಎನ್ನುವುದು ನನ್ನ ನಿಯಮ.

ಬೇರೆ ಧರ್ಮದವರ ಮಾಲೆ ಮಾಡುವಾಗ ಆ ಮಾಲೆಯನ್ನು ದಿನವೂ ಹಿಡಿಯುವ ಒಬ್ಬರನ್ನಾದರೂ ಕೂರಿಸಿಕೊಂಡು ಕೇಳಬೇಕು. ಜೈನರಲ್ಲಿ ಅನೇಕರು ರೇಷ್ಮೆ ದಾರ ಒಪ್ಪುವುದಿಲ್ಲ, ಹುಳು ಸಾಯುತ್ತದೆ ಎಂದು. ಅರಗಿನ ಮೆರುಗೂ ಕೀಟದಿಂದಲೇ ಬರುವುದು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಎಲುಬಿನ ಮಣಿಯಾದರೆ ಯಾವ ಪ್ರಾಣಿಯದು ಎಂದು ಬರೆಯಬೇಕು. ಆರ್ಥೊಡಾಕ್ಸ್ ಕ್ರೈಸ್ತರ ಉಣ್ಣೆಯ ಪ್ರಾರ್ಥನಾ ಹಗ್ಗದಲ್ಲಿ ಮಣಿಯ ಬದಲು ಗಂಟುಗಳೇ ಇರುತ್ತವೆ. ಆ ಗಂಟು ಕಟ್ಟುವ ಬಗೆಯೇ ಬೇರೆ, ಕಟ್ಟುವಾಗಲೂ ಪ್ರಾರ್ಥನೆ ನಡೆಯುತ್ತದೆ. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಮಣಿ ಆರಿಸುವುದು

108 ಬೇಕಾದರೆ 120 ತರಿಸುತ್ತೇನೆ. ತೂತು ಓರೆಯಾದವು, ಸೀಳಿದವು, ಅಳತೆ ಮೀರಿದವು ಸೇರಿ ಹತ್ತರಲ್ಲಿ ಒಂದು ಹೋಗುತ್ತದೆ ಎಂದೇ ಲೆಕ್ಕ. ಉಳಿದ ಮಣಿಯನ್ನು ಅದೇ ಸರಕಿನ ಗುರುತು ಚೀಟಿಯೊಂದಿಗೆ ಎತ್ತಿಡುತ್ತೇನೆ. ವರ್ಷಗಳ ನಂತರ ದುರಸ್ತಿಗೆ ಬಂದಾಗ ಬಣ್ಣ ಹೊಂದುವ ಮಣಿ ಬೇರೆಲ್ಲೂ ಸಿಗುವುದಿಲ್ಲ.

ಗಾತ್ರಕ್ಕೆ 8 ಮಿ.ಮೀ. ಹೆಚ್ಚು ಕೈಗಳಿಗೆ ಒಗ್ಗುತ್ತದೆ. 6 ಮಿ.ಮೀ. ಹಗುರ, ಆದರೆ ವಯಸ್ಸಾದವರ ಬೆರಳಿಗೆ ಜಾರುತ್ತದೆ. 10 ಮಿ.ಮೀ. ಕಲ್ಲಿನ ಮಣಿ 108 ಸೇರಿದರೆ ಕತ್ತಿಗೂ ಮಣಿಕಟ್ಟಿಗೂ ಭಾರ. ಮರದ ಮಣಿಗೆ 400, ಆಮೇಲೆ 600 ನಂಬರಿನ ಮರಳು ಕಾಗದ, ಕೊನೆಗೆ ತೆಳುವಾಗಿ ಎಣ್ಣೆ ಅಥವಾ ಮೇಣ. ವಾರ್ನಿಷ್ ಬಳಸಬೇಡಿ. ಬೆವರಿಗೆ ಮೊದಲು ಅಂಟುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ.

ಬಣ್ಣ ಹಾಕಿದ ಮಣಿಯೋ ಎಂದು ನೋಡಲು ಉಗುರು ಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜುತ್ತೇನೆ. ಹತ್ತಿ ಬಣ್ಣ ಹಿಡಿದರೆ ಖಚಿತ. ಹಿಡಿಯದಿದ್ದರೆ ಮಾತ್ರ ಪೂರ್ತಿ ನಿಶ್ಚಿಂತೆ ಇಲ್ಲ, ಒಳಗೇ ಕೂತ ಬಣ್ಣವೂ ಇರುತ್ತದೆ. ಫಿರೋಜಾ (ಟರ್ಕ್ವಾಯ್ಸ್) ಎಂದು ಬರುವ ಅಗ್ಗದ ನೀಲಿ ಮಣಿಗಳಲ್ಲಿ ಅನೇಕವು ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲು. ಶ್ರೀಗಂಧವೆಂದು ಬರುವ ಮಣಿಯಲ್ಲಿ ಒಂದನ್ನು ಸೀಳಿ ನೋಡಬೇಕು: ಹೊರಗೆ ಗಮ್ಮೆಂದು, ಒಳಗೆ ಬರೀ ಮರದ ವಾಸನೆಯಾದರೆ ಅದು ಸುಗಂಧ ಎಣ್ಣೆಯಲ್ಲಿ ನೆನೆಸಿದ ಬೇರೆ ಮರ. ರುದ್ರಾಕ್ಷಿಯನ್ನು ನೀರಿಗೆ ಹಾಕಿ ಮುಳುಗಿದರೆ ಅಸಲಿ ಎನ್ನುವ ಪರೀಕ್ಷೆಯನ್ನು ನಂಬಬೇಡಿ. ಒಣಗಿದಷ್ಟೂ ಅಸಲಿಯೂ ತೇಲುತ್ತದೆ, ಭಾರ ತುಂಬಿದ ನಕಲಿಯೂ ಮುಳುಗುತ್ತದೆ. ದುಬಾರಿ ಮುಖದ ರುದ್ರಾಕ್ಷಿಗೆ ಎಕ್ಸ್-ರೇ ತೆಗೆಸಿ ಒಳಗಿನ ಬೀಜದ ಕೋಣೆಗಳನ್ನು ಎಣಿಸುವುದೇ ದಾರಿ, ಏಕೆಂದರೆ ಹೊರಗಿನ ಗೆರೆಯನ್ನು ಕೊರೆದು ಮಾಡಬಹುದು.

ಬೇರೆ ದೇಶಕ್ಕೆ ಕಳಿಸುವವರು ಇದನ್ನು ಮರೆಯಬಾರದು: ಆನೆ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ 1989ರಲ್ಲಿ ನಿಷೇಧಿಸಲು ತೀರ್ಮಾನವಾಯಿತು. ರಕ್ತಚಂದನ ಅದೇ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಯಾವ ರೂಪದ ಸರಕಿಗೆ ಯಾವ ಕಾಗದಪತ್ರ ಬೇಕೆಂದು ವಿಚಾರಿಸದೆ ಗಡಿ ದಾಟಿಸಬೇಡಿ.

ದಾರ ಮತ್ತು ಗಂಟು

ದೂರು ಬರುವುದು ಇಲ್ಲಿಂದಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹತ್ತಿ ದಾರ ಕೈಗೆ ಹಿತ, ಆದರೆ ಬೆವರು ಕುಡಿದು ಒಳಗಿಂದ ಕೊಳೆಯುತ್ತದೆ. ರೇಷ್ಮೆಯ ಗಂಟು ಅಂದವಾಗಿ ಕೂರುತ್ತದೆ, ನಿಧಾನವಾಗಿ ಹಿಗ್ಗುತ್ತದೆ. ನೈಲಾನ್ ಇನ್ನೂ ಹೆಚ್ಚು ಹಿಗ್ಗುತ್ತದೆ. ದಿನವೂ ಬಳಸುವ ಮಾಲೆಗೆ ಮೇಣ ಸವರಿದ 1 ಮಿ.ಮೀ. ಪಾಲಿಯೆಸ್ಟರ್ ದಾರವೇ ನನ್ನ ಆಯ್ಕೆ. ಎಲಾಸ್ಟಿಕ್ ದಾರದಲ್ಲಿ ಪೋಣಿಸಿದ್ದನ್ನು ಜಪಕ್ಕೆಂದು ಮಾರುವುದಿಲ್ಲ. ಬೆರಳು ಎಳೆಯುವ ಒಂದೇ ಜಾಗದಲ್ಲಿ ಸವೆದು ಪಟ್ಟನೆ ಹರಿಯುತ್ತದೆ. ಯಾವ ದಾರವಾದರೂ ಬಳಸುವ ಹಿಂದಿನ ರಾತ್ರಿ ಅರ್ಧ ಕಿಲೋ ತೂಕ ಕಟ್ಟಿ ನೇತುಹಾಕಿ. ಹಿಗ್ಗುವುದೆಲ್ಲ ಅಲ್ಲೇ ಹಿಗ್ಗಲಿ.

ದಾರ ತೂತಿನೊಳಗೆ ಬಿಗಿಯಾಗಿ ಹಾಯಬೇಕು. ಗಂಟು ದಾರದ ಎರಡು ಎರಡೂವರೆ ಪಟ್ಟು ದಪ್ಪ ಬರುತ್ತದೆ. ತೂತು 2 ಮಿ.ಮೀ. ಇದ್ದು ದಾರ 1 ಮಿ.ಮೀ. ಆದರೆ ಗಂಟು ಮೆಲ್ಲಗೆ ಮಣಿಯೊಳಗೆ ನುಂಗಿಹೋಗಿ ಸಂದು ಮಾಯವಾಗುತ್ತದೆ. ಅಂಥ ಮಣಿಗೆ 1.5 ಮಿ.ಮೀ. ದಾರ ಬೇಕು. ಕಲ್ಲು ಮಣಿಯ ತೂತಿನ ಅಂಚು ಗಾಜಿನ ಚೂರಿನಂತೆ ಹರಿತವಾಗಿರುತ್ತದೆ. ತೆಳು ದುಂಡು ವಜ್ರದ ಅರದಿಂದ ಎರಡೂ ಬಾಯಿಯನ್ನು ನಾಲ್ಕೈದು ಸುತ್ತು ಉಜ್ಜಬೇಕು, ನೀರಿನೊಳಗೇ ಉಜ್ಜಬೇಕು. ಕಲ್ಲಿನ ಒಣ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

8 ಮಿ.ಮೀ. ಮಣಿಯ ಮಾಲೆಗೆ ಲೆಕ್ಕ ಹೀಗೆ: ಮಣಿಗಳೇ 86 ಸೆಂ.ಮೀ., ಒಂದೊಂದು ಗಂಟಿಗೆ ಸುಮಾರು 1 ಸೆಂ.ಮೀ. ದಾರ, ಎರಡು ತುದಿಗೆ ತಲಾ 30 ಸೆಂ.ಮೀ. ಒಟ್ಟು ಎರಡೂವರೆ ಮೀಟರ್ ದಾಟುತ್ತದೆ. ನಾನು 3 ಮೀಟರ್ ಕತ್ತರಿಸುತ್ತೇನೆ. ತುದಿಯ 2 ಸೆಂ.ಮೀ.ಗೆ ಸೂಪರ್ ಗ್ಲೂ ಸವರಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿದರೆ ಅದೇ ಸೂಜಿ.

ಪೋಣಿಸಲು ದಾರದ ನಡುವಿನಿಂದ ಶುರು ಮಾಡುತ್ತೇನೆ. ನಟ್ಟನಡುವೆ ಒಂದು ಗಂಟು, ಅಲ್ಲಿಂದ ಆ ಕಡೆ 54, ಈ ಕಡೆ 54 ಮಣಿ, ಪ್ರತಿ ಮಣಿಗೂ ಒಂದು ಗಂಟು. ಒಟ್ಟು 109 ಗಂಟು. ಒಂದೇ ತುದಿಯಿಂದ ಹೊರಟರೆ ಆ ತುದಿ 108 ತೂತು ಹಾಯ್ದು ಎಳೆ ಎಳೆಯಾಗುತ್ತದೆ, ನಡುವಿನಿಂದ ಹೊರಟರೆ 54ಕ್ಕೆ ಮುಗಿಯುತ್ತದೆ. ಮಣಿ ಹಾಕಿ, ಎರಡು ಬೆರಳಿಗೆ ದಾರ ಸುತ್ತಿ, ತುದಿಯನ್ನು ಆ ಕುಣಿಕೆಯೊಳಗೆ ತಂದು, ಬಿಗಿಯುವ ಮುನ್ನ ಕುಣಿಕೆಯೊಳಗೆ ದಪ್ಪ ಸೂಜಿ ಇಟ್ಟು ಅದನ್ನು ಮಣಿಯ ಬಾಯಿಗೆ ತಳ್ಳಿಕೊಂಡು ಹೋಗಬೇಕು. ಸೂಜಿ ಮಣಿಗೆ ತಾಗಿದಾಗ ಮೆಲ್ಲಗೆ ಹೊರಗೆಳೆದು, ಉಗುರಿನಿಂದ ಗಂಟನ್ನು ಒತ್ತಿಕೊಂಡೇ ಬಿಗಿಯಬೇಕು. ಹಾಗೆ ಮಾಡದೆ ಎಳೆದರೆ ಗಂಟು ಮಣಿಯಿಂದ ದೂರ ಕೂತು ಮಾಲೆ ಜೋಲುತ್ತದೆ. ತೀರಾ ಬಿಗಿದರೆ ಇನ್ನೊಂದು ತೊಂದರೆ: ಮಾಲೆ ಬಗ್ಗದೆ ಕಡ್ಡಿಯಂತೆ ನಿಲ್ಲುತ್ತದೆ, ಬೆರಳಿನ ಮೇಲೆ ಇಳಿಯುವುದಿಲ್ಲ. ಮಣಿ ಎರಡು ಗಂಟುಗಳ ನಡುವೆ ತಿರುಗಬೇಕು, ಜಾರಬಾರದು.

ತಸ್ಬೀಹ್ ಇದಕ್ಕೆ ತದ್ವಿರುದ್ಧ. ಅದರಲ್ಲಿ ಮಣಿಗಳ ನಡುವೆ ಗಂಟು ಹಾಕುವುದಿಲ್ಲ. ಮಣಿ ಟಕ್ಕೆಂದು ಒಂದರ ಮೇಲೊಂದು ಬೀಳಬೇಕು, ಅದಕ್ಕೆ 2–3 ಸೆಂ.ಮೀ. ದಾರ ಖಾಲಿ ಬಿಡಬೇಕು. ಜಪಸರದಲ್ಲಿ ಬಿಡಿ ಮಣಿಯ ಎರಡೂ ಬದಿಗೆ ಬೆರಳಿಗೆ ಗೊತ್ತಾಗುವಷ್ಟು ಸಂದು ಬಿಡಬೇಕು.

ಮೇರುವಿಗೆ ಮೂರು ತೂತಿನ ಮಣಿ ಸಿಗುತ್ತದೆ. ಎರಡೂ ತುದಿ ಎರಡು ಬದಿಯಿಂದ ಹೊಕ್ಕು ಕೆಳಗೆ ಒಟ್ಟಿಗೆ ಹೊರಬರುತ್ತವೆ. ಕೊನೆಯ ಗಂಟಿಗೆ ಸೂಪರ್ ಗ್ಲೂ ಬೇಡ. ಅದು ಒಣಗಿ ಬಿರುಸಾಗಿ, ಅಂಟು ಮುಗಿಯುವ ಅಂಚಿನಲ್ಲೇ ದಾರ ಮುರಿಯುತ್ತದೆ. ಬಟ್ಟೆಗೆ ಹಾಕುವ ಮೆದು ಅಂಟು ಸಾಕು. ಪಾಲಿಯೆಸ್ಟರ್ ತುದಿಯನ್ನು ಲೈಟರ್‌ನಿಂದ ಕರಗಿಸಬಹುದು. ಹತ್ತಿ, ರೇಷ್ಮೆ ಕರಗುವುದಿಲ್ಲ, ಸುಡುತ್ತವೆ. ಕುಚ್ಚಿನ ದಾರವನ್ನು ಮೊದಲು ಉಪ್ಪುನೀರಲ್ಲಿ ನೆನೆಸಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಕೆಂಪು, ಕೇಸರಿ ಬಣ್ಣಗಳು ಬಿಳಿ ಉಡುಪಿಗೆ ಇಳಿದರೆ ಗಿರಾಕಿ ಮತ್ತೆ ಬರುವುದಿಲ್ಲ.

ಬೆಲೆ, ಮಾತು, ಪೊಟ್ಟಣ

ಭಕ್ತಿಯಿಂದ ಶುರು ಮಾಡಿದವರು ಬೆಲೆ ಹೇಳಲು ನಾಚುತ್ತಾರೆ, ಆರು ತಿಂಗಳಲ್ಲಿ ದಣಿದು ನಿಲ್ಲಿಸುತ್ತಾರೆ. ದೇವರ ಹೆಸರಿಗಲ್ಲ, ನಿಮ್ಮ ದುಡಿಮೆಗೆ ಬೆಲೆ ಕಟ್ಟುತ್ತಿದ್ದೀರಿ ಎಂಬುದು ಮನಸ್ಸಿಗೆ ಸ್ಪಷ್ಟವಾಗಲಿ. ಗಡಿಯಾರ ಇಟ್ಟುಕೊಂಡು ಹತ್ತು ಮಾಲೆ ಮಾಡಿ ಸರಾಸರಿ ತೆಗೆಯಿರಿ. ಪಳಗಿದ ಕೈಗೂ 108 ಮಣಿ ಆರಿಸಿ, ಗಂಟು ಹಾಕಿ, ಕುಚ್ಚು ಕಟ್ಟಿ, ಎಣಿಸಿ ಮುಗಿಸಲು ಎರಡರಿಂದ ಎರಡೂವರೆ ಗಂಟೆ ಬೇಕು. 120 ಮಣಿಯ ಬೆಲೆ (108ರದ್ದಲ್ಲ), ದಾರ, ಕುಚ್ಚು, ಚೀಲ, ಆ ಗಂಟೆಗಳ ಕೂಲಿ, ಜೊತೆಗೆ ಫೋಟೊ, ಪತ್ರ ವ್ಯವಹಾರ, ಅಂಚೆಗೆ ಹೋಗಿಬರುವ ಹೊತ್ತಿಗೆಂದು ಕೂಲಿಯ ಕಾಲು ಭಾಗ. ಇವಿಷ್ಟು ಸೇರಿದರೆ ತಯಾರಿಕೆಯ ಖರ್ಚು. ಅದರ ಮೇಲೆ ಆನ್‌ಲೈನ್ ಮಾರಾಟದ ಶುಲ್ಕ, ತೆರಿಗೆ, ಲಾಭ. ಅಂಗಡಿಗಳಿಗೆ ಕೊಡುವ ಯೋಚನೆ ಇದ್ದರೆ ಬಿಡಿ ಮಾರಾಟದ ಬೆಲೆಯ ಅರ್ಧಕ್ಕೆ ಕೊಟ್ಟರೂ ಖರ್ಚು ಹುಟ್ಟುವಂತೆ ಮೊದಲೇ ಬೆಲೆ ಇಡಬೇಕು, ಆಮೇಲೆ ಏರಿಸಲು ಆಗದು.

ಮೊದಲ ವರ್ಷ ಮೂರು ಬಗೆ ಸಾಕು. ಇಪ್ಪತ್ತು ಬಗೆ ಮಾಡಿದರೆ ಹಣವೆಲ್ಲ ಬಿಡಿ ಮಣಿಯಾಗಿ ಡಬ್ಬಿಯಲ್ಲಿ ಕೂರುತ್ತದೆ. ಮಾರುವ ಮೊದಲು ದಿನವೂ ಜಪ ಮಾಡುವ ಐದಾರು ಜನರಿಗೆ ಕೊಟ್ಟು 40 ದಿನ ಬಳಸಲು ಹೇಳಿ, ವಾಪಸ್ ಪಡೆದು ಉದ್ದ ಅಳೆಯಿರಿ. 1 ಸೆಂ.ಮೀ.ಗಿಂತ ಹೆಚ್ಚು ಹಿಗ್ಗಿದ್ದರೆ ದಾರ ಬದಲಿಸಿ.

ಬೇಡಿಕೆಯ ಕಾಲ ಧರ್ಮಕ್ಕೊಂದು. ಕ್ಯಾಥೊಲಿಕ್ಕರಿಗೆ ಅಕ್ಟೋಬರ್ ಜಪಸರದ ತಿಂಗಳು, 7ರಂದು ಜಪಸರ ಮಾತೆಯ ಹಬ್ಬ. ರಂಜಾನ್ ಪ್ರತಿ ವರ್ಷ 10–11 ದಿನ ಹಿಂದಕ್ಕೆ ಸರಿಯುತ್ತದೆ, ಹೋದ ವರ್ಷದ ತಾರೀಖು ನೋಡಿಕೊಂಡು ಮಣಿ ತರಿಸಿದರೆ ತಡವಾಗುತ್ತದೆ.

ಜಾಹೀರಾತಿನಲ್ಲಿ ಬರೆಯುವುದು ಮರದ ಹೆಸರು, ಮಿ.ಮೀ., ಎಣಿಕೆ, ದಾರ, ತೂಕ, ಬಣ್ಣ ಹಾಕಿದ್ದೋ ಇಲ್ಲವೋ, ಇಷ್ಟೇ. ಕಾಯಿಲೆ ವಾಸಿಯಾಗುತ್ತದೆ, ಸಾಲ ತೀರುತ್ತದೆ ಎಂದು ಬರೆದ ಕೂಡಲೇ ಕಷ್ಟದಲ್ಲಿರುವವರ ಕೊನೆಯ ಹಣಕ್ಕೆ ಕೈ ಚಾಚಿದಂತಾಗುತ್ತದೆ. ಅನೇಕ ದೇಶಗಳಲ್ಲಿ ಆಧಾರವಿಲ್ಲದ ಆರೋಗ್ಯದ ಭರವಸೆ ಅಪರಾಧವೂ ಹೌದು. ‘ಆಶೀರ್ವದಿಸಿದ್ದು’ ಎಂದೂ ಮಾರುವುದಿಲ್ಲ. ಕೊಂಡವರು ತಮ್ಮ ಗುರುಗಳ ಬಳಿ ತಾವೇ ಒಯ್ಯಲಿ.

ಪೊಟ್ಟಣದ ಹೊರಗೆ ದೇವರ ಹೆಸರು, ವಚನ, ಚಿತ್ರ ಏನೂ ಮುದ್ರಿಸಬೇಡಿ. ಆ ಕಾಗದ ಕಸದ ಬುಟ್ಟಿಗೇ ಹೋಗುವುದು, ದಾರಿಯಲ್ಲಿ ಯಾರ್ಯಾರದೋ ಕಾಲಿಗೂ ಸಿಗುತ್ತದೆ. ಬರೆಯುವುದಿದ್ದರೆ ಒಳಗಿನ ಬಟ್ಟೆ ಚೀಲದೊಳಗೆ, ಇಟ್ಟುಕೊಳ್ಳುವಂಥ ಚೀಟಿಯಲ್ಲಿ ಬರೆಯಿರಿ.

ಹರಿದ ಮಾಲೆಯನ್ನು ಮತ್ತೆ ಪೋಣಿಸಿ ಕೊಡುವ ಕೆಲಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ದುರಸ್ತಿಗೆ ಬಂದದ್ದನ್ನು ಬಿಚ್ಚುವ ಮೊದಲೇ ಎಣಿಸಿ, ಫೋಟೊ ತೆಗೆದು ಕಳಿಸುತ್ತೇನೆ: ‘106 ಬಂದಿವೆ, ಎರಡು ಕಡಿಮೆ, ಏನು ಮಾಡಲಿ?’ ಕೇಳದೆ ಹೊಸ ಮಣಿ ಸೇರಿಸಬಾರದು. ತಾಯಿಯ ಕೈಯಲ್ಲಿ ಸವೆದ ಮಾಲೆಯ ನಡುವೆ ಸವೆಯದ ಹೊಸ ಮಣಿ ಪ್ರತಿ ಸುತ್ತಿನಲ್ಲೂ ಬೆರಳಿಗೆ ಚುಚ್ಚುತ್ತದೆ. ಒಪ್ಪಿದರೆ ಎರಡನ್ನೂ ಮೇರುವಿನ ಪಕ್ಕಕ್ಕೆ ಒಂದೊಂದು ಬದಿಗೆ ಹಾಕುತ್ತೇನೆ, ಜಪದ ನಡುವೆ ಎಡವದಂತೆ. ಹಳೆಯ ದಾರವನ್ನು ಎಸೆಯದೆ ಸುತ್ತಿ ಅದೇ ಚೀಲದಲ್ಲಿಟ್ಟು ವಾಪಸ್ ಕಳಿಸುತ್ತೇನೆ.