ಹುಲ್ಲು ಹಿಂಡಿ ನೋಡಿ, ಅಣಬೆ ಬೆಳೆಯಿರಿ

ಮಳೆ ಹಿಡಿದ ಮೇಲೆ ಗೋವಾದ ರಸ್ತೆಬದಿಯಲ್ಲಿ ಎಲೆಯಲ್ಲಿ ಸುತ್ತಿದ ಒಳ್ಮಿ ಮಾರಲು ಕೂರುತ್ತಾರೆ. ನಮ್ಮೂರ ಕಡೆಯ ಹುತ್ತದ ಅಣಬೆಯೇ ಅದು. ರುಚಿಗೆ ಎರಡು ಮಾತಿಲ್ಲ, ಆದರೆ ಬೆಲೆ ಕೇಳಿ ಸುಮ್ಮನೆ ಮುಂದೆ ನಡೆಯಬೇಕು. ಗೆದ್ದಲಿನ ಜೊತೆ ಬಾಳುವ ಜಾತಿಯಾದ್ದರಿಂದ ಅದನ್ನು ಮನೆಯಲ್ಲಿ ಬೆಳೆಸುವ ಹಾಗೂ ಇಲ್ಲ. ಚಿಪ್ಪಣಬೆಗೆ (ಆಯ್ಸ್ಟರ್ ಮಶ್ರೂಮ್) ಆ ಹಂಗಿಲ್ಲ. ಭತ್ತದ ಹುಲ್ಲು, ಒಣಗಿದ ಬಾಳೆಎಲೆ, ಫೋಂಡಾ, ಸತ್ತರಿ ಕಡೆಯ ತೋಟಗಳಲ್ಲಿ ಬಿದ್ದಿರುವ ಅಡಿಕೆ ಹಾಳೆ, ಯಾವುದರ ಮೇಲಾದರೂ ಬರುತ್ತದೆ. ಮೊದಲ ಸಲಕ್ಕೆ ಭತ್ತದ ಹುಲ್ಲೇ ಸುಲಭ.

ಮಡಗಾಂವ್‌ನ ನಮ್ಮ ಫ್ಲ್ಯಾಟಿಗೆ ಮೊದಲ ಸಲ ಹುಲ್ಲಿನ ಹೊರೆ ಹತ್ತಿಸಿದಾಗ ಕೆಳಗಿನ ಮನೆಯ ಧಾರವಾಡದ ಅಕ್ಕ, "ಏನ್ರೀ, ಎಮ್ಮಿ ಕಟ್ಟೀರೇನು?" ಅಂದಿದ್ದರು. ಅಣಬೆ ಬೆಳೆಸುವ ಒಂದು ಪ್ಲಾಸ್ಟಿಕ್ ಚೀಲಕ್ಕೆ ಬೇಕಾಗುವುದು ಒಂದೇ ಕಿಲೋ ಒಣಹುಲ್ಲು. ಹೊಂಬಣ್ಣದ, ಮಳೆಗೆ ನೆನೆಯದ ಹೊಸ ಹುಲ್ಲೇ ಆಗಬೇಕು. ಕಪ್ಪಾಗಿದ್ದರೆ ದುಡ್ಡು ಕೊಡಬೇಡಿ.

ಬೀಜವನ್ನು ಮೊದಲೇ ಹೇಳಿಡಿ. ಗೋಧಿ ಅಥವಾ ಜೋಳದ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆಯೇ ಈ ಬೀಜ, ಅದನ್ನೇ 'ಸ್ಪಾನ್' ಅನ್ನುವುದು. ಹಳೆ ಗೋವಾದ ಏಲಾದಲ್ಲಿರುವ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ; ಬೆಂಗಳೂರಿಗೆ ಹೋಗುವವರಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯೂ ಇದೆ. ಕಿಲೋ ಹುಲ್ಲಿಗೆ 100 ಗ್ರಾಂ ಸಾಕು.

ಹುಲ್ಲನ್ನು ಎರಡು ಇಂಚಿನ ತುಂಡು ಮಾಡಿ, ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಮೇಲೆ ತೇಲದಂತೆ ಒಂದು ಭಾರ ಹೇರಿ.

ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ಬಿಸಿನೀರಿನಿಂದ ತೆಗೆದ ಹುಲ್ಲನ್ನು ಆರಿಸುವಾಗ. ಜುಲೈ ತಿಂಗಳಲ್ಲಿ ಗೋವಾದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹುಲ್ಲು ಎಲ್ಲಿಂದ ಒಣಗಬೇಕು? ನನ್ನ ಮೊದಲ ಎರಡು ಚೀಲ ಕೊಳೆತು ನಾರಿದ್ದು ಇದೇ ಅವಸರದಿಂದ. ಈಗ ಡೆಟಾಲ್ ಹಾಕಿ ಒರೆಸಿದ ನೆಲದ ಮೇಲೆ ತೊಳೆದ ಸೊಳ್ಳೆಪರದೆ ಹಾಸಿ, ತೆಳುವಾಗಿ ಹರಡಿ, ಫ್ಯಾನ್ ಹಾಕಿ ಬಿಡುತ್ತೇನೆ. ಒಂದು ಹಿಡಿ ಹುಲ್ಲನ್ನು ಬಲವಾಗಿ ಹಿಂಡಿ ನೋಡಿ. ನೀರು ಇಳಿದರೆ ಇನ್ನೂ ಆಗಿಲ್ಲ. ಅಂಗೈ ತೇವವಾಗಬೇಕು, ಹನಿ ಮಾತ್ರ ಬೀಳಬಾರದು. ಹಿಂಡಿದಾಗ ಅಂಗೈಯೂ ಒಣಗಿಯೇ ಇದ್ದರೆ ಆರಿದ್ದು ಹೆಚ್ಚಾಯಿತು, ಸ್ವಲ್ಪ ಕಾಯಿಸಿ ಆರಿಸಿದ ನೀರು ಚಿಮುಕಿಸಿ.

ಸಾಬೂನಿನಿಂದ ಕೈ ತೊಳೆದು, ಫ್ಯಾನ್ ಆರಿಸಿ ಚೀಲ ತುಂಬಿ. ನಾಲ್ಕು ಬೆರಳು ಹುಲ್ಲು, ಅಂಚಿನ ಸುತ್ತ ಒಂದಿಷ್ಟು ಬೀಜ, ಮತ್ತೆ ಹುಲ್ಲು. ಹೀಗೆ ನಾಲ್ಕು ಪದರ. ಪ್ರತಿ ಪದರವನ್ನೂ ಅಂಗೈಯಿಂದ ಒತ್ತಿ, ಒಳಗೆ ಟೊಳ್ಳು ಉಳಿಯಬಾರದು. ಬಾಯಿ ಬಿಗಿದು, ಸೂಜಿಯಿಂದ ಹತ್ತು ಹನ್ನೆರಡು ತೂತು ಮಾಡಿ, ಕತ್ತಲಲ್ಲಿ ತೂಗುಹಾಕಿ.

ಹದಿನೈದು ಇಪ್ಪತ್ತು ದಿನದಲ್ಲಿ ಇಡೀ ಚೀಲ ಹತ್ತಿ ತುಂಬಿದ ದಿಂಬಿನಂತೆ ಬೆಳ್ಳಗಾಗುತ್ತದೆ. ನಡುವೆ ಹಸಿರು ಕಂಡರೆ ಅದು ಟ್ರೈಕೋಡರ್ಮಾ. ಅಡಿಕೆ ತೋಟದಲ್ಲಿ ರೋಗ ತಡೆಯಲು ದುಡ್ಡು ಕೊಟ್ಟು ತಂದು ಹಾಕುವ ಅದೇ ಶಿಲೀಂಧ್ರ ಇಲ್ಲಿ ಶತ್ರು. ಅಂಥ ಚೀಲವನ್ನು ಬಿಚ್ಚದೆ ಹೊರಗೆ ಸಾಗಿಸಿ.

ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಸೀಳಿ ತೆಗೆದು, ಪೇಪರ್ ಓದುವಷ್ಟು ಬೆಳಕು, ಗಾಳಿ ಇರುವಲ್ಲಿಗೆ ತನ್ನಿ. ದಿನಕ್ಕೆ ಎರಡು ಮೂರು ಸಲ ಮಂಜಿನಂತೆ ನೀರು ಸಿಂಪಡಿಸಿ. ಜಡಿಮಳೆಯಲ್ಲಿ ಒಂದು ಸಲ ಸಾಕು, ಏಪ್ರಿಲ್‌ನಲ್ಲಿ ಸುತ್ತ ಒದ್ದೆ ಗೋಣಿಚೀಲವೂ ಬೇಕು. 30 ಡಿಗ್ರಿ ದಾಟುವ ತಿಂಗಳುಗಳಿಗೆ ಗುಲಾಬಿ ಬಣ್ಣದ ಚಿಪ್ಪಣಬೆಯ ಬೀಜ ಕೇಳಿ, ಬಿಳಿಯದಕ್ಕೆ ಸೆಕೆ ಆಗದು.

ಮೂರು ನಾಲ್ಕು ದಿನದಲ್ಲಿ ಗುಂಡುಸೂಜಿ ತಲೆಯಷ್ಟು ಮೊಗ್ಗು, ಮತ್ತೆ ಮೂರು ನಾಲ್ಕು ದಿನದಲ್ಲಿ ಅಂಗೈಯಷ್ಟು ಚಿಪ್ಪು. ಅಂಚು ಮೇಲಕ್ಕೆ ಮಡಚುವ ಮೊದಲೇ ಬುಡ ಹಿಡಿದು ತಿರುಚಿ ಕೀಳಿ. ತಡವಾದರೆ ಬೀಜಕಣ ಪುಡಿಯಾಗಿ ಉದುರುತ್ತದೆ. ಉಬ್ಬಸ ಇರುವವರ ಮನೆಯಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ, ಮಲಗುವ ಕೋಣೆಯಲ್ಲಂತೂ ಚೀಲ ತೂಗಹಾಕಲೇಬೇಡಿ.

ವಾರ ಬಿಟ್ಟು ಎರಡನೇ ಕೊಯ್ಲು, ಆಮೇಲೆ ಮೂರನೆಯದು. ಮೂರೂ ಸೇರಿ ಕಿಲೋ ಹುಲ್ಲಿಗೆ ಅರ್ಧ ಕಿಲೋ ಅಣಬೆ ಬಂದರೆ ಹೊಸಬರಿಗೆ ಒಳ್ಳೆಯ ಫಸಲೇ. ಉಳಿದ ಹುಲ್ಲಿಗೆ ನೊಣ ಮುತ್ತುತ್ತದೆ. ಅಂದೇ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿಬಿಡಿ.