ಬೀದಿಯಿಂದ ತಂದ ನಾಯಿಗೆ ವಯಸ್ಸೆಷ್ಟು? ತುಟಿ ಎತ್ತಿ ನೋಡಿ

ಬೀದಿನಾಯಿಯನ್ನು ಮನೆಗೆ ತಂದು ಪಶುವೈದ್ಯರ ಹತ್ತಿರ ಹೋದರೆ ಮೊದಲು ಕೇಳೋದೇ ವಯಸ್ಸು. ಯಾವ ಲಸಿಕೆ ಯಾವಾಗ, ಜಂತುಹುಳದ ಔಷಧಿ ಎಷ್ಟು, ಊಟ ಏನು ಎಲ್ಲವೂ ಅದರ ಮೇಲೇ ನಿಂತಿದೆ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ.

ನೋಡಬೇಕಾದದ್ದು ಹಲ್ಲು. ಆದರೆ ಬಂದ ದಿನವೇ ಬಾಯಿಗೆ ಕೈ ಹಾಕಬೇಡಿ, ನಾಯಿ ನಿಮಗೆ ಹೊಂದಿಕೊಳ್ಳಲಿ. ಆಮೇಲೂ ಬಾಯಿ ಅಗಲಿಸೋದು ಬೇಡ. ಪಕ್ಕದಲ್ಲಿ ಕೂತು, ತಲೆ ಸವರುತ್ತಾ, ಮೇಲ್ತುಟಿಯನ್ನು ಹೆಬ್ಬೆರಳಲ್ಲಿ ಸ್ವಲ್ಪ ಎತ್ತಿದರೆ ಸಾಕು. ಗುರ್ ಅಂದರೆ ಬಿಟ್ಟುಬಿಡಿ. ಹಲ್ಲು ತಾಗಿ ಗೀರಾದರೂ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ‘ಮರಿ ತಾನೇ’ ಅಂತ ಸುಮ್ನೆ ಇರಬೇಡಿ.

ಮರಿಯಾದರೆ ಲೆಕ್ಕ ಸುಲಭ. ಹುಟ್ಟಿದ ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ. ಮೂರನೇ ವಾರದಿಂದ ಹಾಲುಹಲ್ಲು ಮೂಡುತ್ತವೆ, ಎರಡು ತಿಂಗಳಿಗೆ ಒಟ್ಟು 28 ಆಗುತ್ತವೆ. ಸೂಜಿಯಷ್ಟು ಚೂಪು! ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಪುಟ್ಟ ಹಲ್ಲುಗಳು ಉದುರಿ ಅಗಲವಾದ ಹೊಸ ಹಲ್ಲು ಬರುತ್ತವೆ. ಚಪ್ಪಲಿಗೆ ಕಂಟಕ ಶುರುವಾಗೋದು ಆಗಲೇ. ಕೋರೆಹಲ್ಲಿನ ಸರದಿ ಐದಾರು ತಿಂಗಳಿಗೆ. ಸಣ್ಣ ಹಳೇ ಕೋರೆ, ಅದರ ಪಕ್ಕದಲ್ಲೇ ದಪ್ಪನೆಯ ಹೊಸ ಕೋರೆ ಎರಡೂ ಒಟ್ಟಿಗೆ ಕಂಡರೆ ಮರಿ ಆ ವಯಸ್ಸಿನದೇ ಅನ್ನಬಹುದು. ಏಳು ತಿಂಗಳ ಹೊತ್ತಿಗೆ 42 ಹಲ್ಲೂ ಬಂದಿರುತ್ತವೆ. ಮೈಗಾತ್ರವನ್ನು ಮಾತ್ರ ನಂಬಬೇಡಿ. ಹೊಟ್ಟೆಗಿಲ್ಲದೆ ಬೆಳೆದ ಐದು ತಿಂಗಳ ಮರಿ ಮೂರು ತಿಂಗಳದರ ಹಾಗೆ ಕಾಣುತ್ತದೆ.

ಕ್ಯಾಲೆಂಡರನ್ನೂ ನೋಡಿ. ಬೀದಿನಾಯಿಗಳು ಕೂಡುವುದು ಹೆಚ್ಚಾಗಿ ಕಾರ್ತಿಕದ ಆಸುಪಾಸಿನಲ್ಲಿ, ಅದು ನಮ್ಮ ಹಳ್ಳಿಯವರಿಗೆಲ್ಲ ಗೊತ್ತು. ಗರ್ಭದ ಅವಧಿ ಸುಮಾರು 63 ದಿನ. ಹಾಗಾಗಿ ಚಳಿಗಾಲದಲ್ಲಿ ಮರಿಗಳು ಜಾಸ್ತಿ. ಹಲ್ಲು ಹೇಳುವ ತಿಂಗಳಿಗೂ ಇದಕ್ಕೂ ತಾಳೆಯಾದರೆ ನಿಮ್ಮ ಅಂದಾಜು ಗಟ್ಟಿ.

ದೊಡ್ಡ ನಾಯಿಯದೇ ತಲೆನೋವು. ಕಿವಿಯ ತುದಿಯಲ್ಲಿ ‘ವಿ’ ಆಕಾರದ ಕಚ್ಚು ಇದೆಯಾ ನೋಡಿ. ಇದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಆರು ತಿಂಗಳೊಳಗಿನ ಮರಿಗೆ ಅದನ್ನು ಮಾಡುವಂತಿಲ್ಲ, ಅಲ್ಲಿಗೆ ಕನಿಷ್ಠ ವಯಸ್ಸು ಗೊತ್ತಾಯಿತು. ಮತ್ತೆ ಹಲ್ಲಿಗೆ ಬನ್ನಿ. ಎಳೆ ನಾಯಿಯ ಮುಂದಿನ ಹಲ್ಲುಗಳ ತುದಿಯಲ್ಲಿ ಮೂರು ಪುಟ್ಟ ಏಣುಗಳು ಇರುತ್ತವೆ. ಒಂದೂವರೆ, ಎರಡು ವರ್ಷದ ಹೊತ್ತಿಗೆ ಕೆಳಗಿನ ನಡುವಿನ ಎರಡು ಹಲ್ಲಲ್ಲಿ ಇವು ಸವೆಯತೊಡಗುತ್ತವೆ. ಆಮೇಲೆ ಅಕ್ಕಪಕ್ಕದವು, ನಂತರ ಮೇಲಿನ ಸಾಲು. ಹಿಂದಿನ ಹಲ್ಲುಗಳ ಬುಡದಲ್ಲಿ ಹಳದಿ ಪಾಚಿ ಕೂರೋದು ಕೂಡ ವಯಸ್ಸಿನ ಗುರುತೇ. ಆದರೆ ಕಲ್ಲು ಕಡಿಯುವ ನಾಯಿಯ ಹಲ್ಲು ಬೇಗ ಸವೆಯುತ್ತದೆ. ಪೊಮೇರಿಯನ್‌ನಂಥ ಚಿಕ್ಕ ತಳಿಗಳಿಗೆ ಪಾಚಿಯೂ ಬೇಗ. ಮೂರು ವರ್ಷ ದಾಟಿದ ಮೇಲೆ ಹಲ್ಲು ನೋಡಿ ಇಂತಿಷ್ಟೇ ವರ್ಷ ಅಂತ ಹೇಳುವವರನ್ನು ನಾನಂತೂ ನಂಬೋದಿಲ್ಲ.

ಬೆಳಕಿನಲ್ಲಿ ಕಣ್ಣನ್ನೂ ಗಮನಿಸಿ. ಆರೇಳು ವರ್ಷ ದಾಟಿದ ನಾಯಿಗಳ ಕಣ್ಣಾಲಿಯಲ್ಲಿ ತೆಳು ನೀಲಿ ಮಬ್ಬು ಕಾಣಿಸಿಕೊಳ್ಳುತ್ತದೆ. ನೋಟಕ್ಕೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ. ಅಚ್ಚ ಬಿಳಿ ಇದ್ದರೆ ಪೊರೆ ಇರಬಹುದು, ವೈದ್ಯರಿಗೆ ತೋರಿಸಿ. ಮೂತಿ ನರೆತಿದೆ ಅಂತ ಮುದಿ ನಾಯಿ ಅನ್ನಬೇಡಿ, ಕೆಲವಕ್ಕೆ ಎಳೆಯ ವಯಸ್ಸಲ್ಲೇ ನರೆಯುತ್ತದೆ.

ಪೂರ್ತಿ ಬೆಳೆದಿದೆಯೋ ಇಲ್ಲವೋ ಎಂಬ ಅನುಮಾನ ಉಳಿದರೆ ಎಕ್ಸ್‌ರೇ ಇದೆ. ಮೂಳೆ ಉದ್ದ ಬೆಳೆಯೋದು ಅದರ ತುದಿಯಲ್ಲಿರುವ ಮೆತ್ತನೆಯ ಪಟ್ಟಿಯಿಂದ. ಆ ಪಟ್ಟಿ ಸಾಮಾನ್ಯವಾಗಿ ಒಂದು ವರ್ಷದ ಹೊತ್ತಿಗೆ ಗಟ್ಟಿ ಮೂಳೆಯಾಗಿ ಮುಚ್ಚಿರುತ್ತದೆ, ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷವಾಗಬಹುದು. ಬರೀ ವಯಸ್ಸು ತಿಳಿಯೋಕೆ ಇದನ್ನು ತೆಗೆಸಬೇಕಾಗಿಲ್ಲ. ಕಾಲಿನ ಏಟಿಗೆಂದು ತೆಗೆಸುವಾಗ ಕೇಳಿಕೊಳ್ಳಿ. ಲಸಿಕೆ ಪುಸ್ತಕದಲ್ಲಿ ‘4 ವರ್ಷ’ ಅಂತ ಬರೆಸುವ ಬದಲು ‘3ರಿಂದ 5’ ಅಂತ ಬರೆಸಿ, ಪಕ್ಕದಲ್ಲಿ ಅವತ್ತಿನ ತಾರೀಕು ಹಾಕಿಸಿ.