ಸ್ಟ್ರಿಪ್ಪರ್ ಹಾಕಿ, ತೆಗೆದು, 60 ಪೆಲೆಟ್ ಹೊಡೆದ ಮೇಲೆ

ಏರ್ ರೈಫಲ್ ಬ್ಯಾರಲ್ ತುದಿಗೆ ಸ್ಟ್ರಿಪ್ಪರ್ (ಪೆಲೆಟ್ ಜೊತೆ ಬರುವ ಗಾಳಿಯನ್ನು ಪಕ್ಕಕ್ಕೆ ತಳ್ಳುವ, ನಡುವೆ ತೂತಿರುವ ತುಂಡು) ಹಾಕಿದರೆ ಪೆಲೆಟ್ ವೇಗ ಒಂದೇ ಸಮ ಬರುತ್ತದೆ ಅಂತ ನಮ್ಮ ರೇಂಜಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದೆ. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಮೊದಲನೆಯದರ ತೂತು ಸೆಂಟರ್ ತಪ್ಪಿತ್ತು, ಸುಮಾರು 1,500 ರೂಪಾಯಿ ನೀರಲ್ಲಿ ಹೋಯಿತು.

ಎರಡನೆಯದನ್ನು ಹಾಕಿ ಐದು ಪೆಲೆಟ್ ಹೊಡೆದೆ. ಎಸ್‌ಡಿ, ಅಂದರೆ ವೇಗ ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ, ಸೆಕೆಂಡಿಗೆ 0.7 ಮೀಟರ್. ತೆಗೆದು ಹೊಡೆದರೆ 2ರ ಹತ್ತಿರ. ಎಲ್ಲರಿಗೂ ತೋರಿಸಿಕೊಂಡು ಬಂದೆ. ಮುಂದಿನ ವಾರ ಅದೇ ಟಿನ್, ಅದೇ ಸಿಲಿಂಡರ್, ಲೆಕ್ಕ ಪೂರ್ತಿ ಉಲ್ಟಾ!

ಐದೇ ಹೊಡೆತ ನಂಬಿದ್ದು ತಪ್ಪು. ಐದರಿಂದ ಬಂದ ಎಸ್‌ಡಿಯ 0.6 ಪಟ್ಟಿನಿಂದ 2.9 ಪಟ್ಟಿನವರೆಗೆ ಎಲ್ಲಿ ಬೇಕಾದರೂ ನಿಜವಾದದ್ದು ಇರಬಹುದು. 30 ಹೊಡೆದರೆ ಆ ಅಂತರ 0.8ರಿಂದ 1.35 ಪಟ್ಟಿನಷ್ಟಕ್ಕೆ ಕಿರಿದಾಗುತ್ತದೆ. ಇಎಸ್ (ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವಿನ ಅಂತರ) ಅಂತೂ ಹೊಡೆದಷ್ಟೂ ಬೆಳೆಯುತ್ತಲೇ ಹೋಗುತ್ತದೆ.

ಹಾಗಾಗಿ ಹಾಕಿ ಐದು, ತೆಗೆದು ಐದು, ಹೀಗೆ ಆರು ಸುತ್ತು. "ಪೆಲೆಟ್ ಯಾಕೋ ಸುಮ್ನೆ ದಂಡ ಮಾಡ್ತೀಯ?" ಅಂದರು ನಮ್ಮ ಹಿರಿಯರೊಬ್ಬರು. ಮೊದಲ ದಿನ ನಿಜಕ್ಕೂ ದಂಡವೇ ಆಯಿತು. ಸ್ಟ್ರಿಪ್ಪರ್ ಇಲ್ಲದಾಗ ಸೆಕೆಂಡಿಗೆ 170 ಮೀಟರ್ ಬರಬೇಕಾದ ಕಡೆ ವೇಗ ಅಳೆಯುವ ಕ್ರೋನೋ ಒಮ್ಮೊಮ್ಮೆ 200 ತೋರಿಸುತ್ತಿತ್ತು. ಪೆಲೆಟ್ ಜೊತೆ ನುಗ್ಗುವ ಗಾಳಿಯೇ ಸೆನ್ಸರನ್ನು ಕೆಣಕುತ್ತಿತ್ತು. ಸ್ಟ್ರಿಪ್ಪರ್ ಆ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೇ ಅಂಕಿ ಚೆನ್ನಾಗಿ ಕಾಣುತ್ತಿತ್ತು. ಕ್ರೋನೋವನ್ನು ಒಂದು ಮೀಟರ್ ದೂರ ಇಟ್ಟೆ. ಟ್ಯೂಬ್‌ಲೈಟ್ ಮಿನುಗೂ ತೊಂದರೆ ಕೊಡುತ್ತಿತ್ತು, ಎಸ್.ಪಿ. ರೋಡಿನಿಂದ ಎಲ್‌ಇಡಿ ಪಟ್ಟಿ ತಂದು ಬ್ಯಾಟರಿಗೆ ಜೋಡಿಸಿದೆ.

ಮತ್ತೆ 60 ಹೊಡೆದೆ. ಹಾಕಿದಾಗ ಎಸ್‌ಡಿ 1.2, ತೆಗೆದಾಗ 1.3ರ ಆಸುಪಾಸು. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಪೆಲೆಟ್ ಬ್ಯಾರಲ್ ಬಿಟ್ಟ ಮೇಲೆ ಗಾಳಿ ಎತ್ತ ಹೋದರೂ ವೇಗಕ್ಕೇನು, ಅಲ್ವಾ? ಗುರಿಯಲ್ಲಿ ಪೆಲೆಟ್‌ಗಳು ಎಷ್ಟು ಹತ್ತಿರ ಹತ್ತಿರ ಬೀಳುತ್ತವೆ ಅನ್ನುವ ಗುಂಪಿನ ಮಾತು ಬೇರೆ, ಅದಕ್ಕಾಗಿ ಸ್ಟ್ರಿಪ್ಪರ್ ಇನ್ನೂ ಹಾಕಿಯೇ ಇದ್ದೇನೆ.

ಮಧ್ಯೆ ಒಂದು ಟಿನ್ ಪೆಲೆಟ್ಟನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿದೆ. ಎರಡು ರಾತ್ರಿ ಹೋಯಿತು, ಎಸ್‌ಡಿ ಕದಲಲಿಲ್ಲ.

ನಿಜವಾದ ಕಳ್ಳ ಸಿಕ್ಕಿದ್ದು 60 ಅಂಕಿಗಳನ್ನು ಸಾಲಾಗಿ ಬರೆದಾಗ. ಸ್ಟ್ರಿಪ್ಪರ್ ಬದಲಿಸಲು ಬಿಡುವು ಕೊಟ್ಟ ಮೇಲಿನ ಮೊದಲ ಹೊಡೆತ ಪ್ರತಿ ಸಲ ಸೆಕೆಂಡಿಗೆ 2 ಮೀಟರ್‌ನಷ್ಟು ಜಾಸ್ತಿ! ಸಿಲಿಂಡರ್ ಗಾಳಿಯ ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರಿನ ಸೀಲ್ ಸೋರುತ್ತಿತ್ತು, ಬಿಡುವಿನಲ್ಲಿ ಒತ್ತಡ ಮೆಲ್ಲಗೆ ಏರುತ್ತಿತ್ತು. 10 ಮೀಟರಿನಲ್ಲಿ ವೇಗ 1 ಮೀಟರ್ ಬದಲಾದರೆ ಪೆಲೆಟ್ 0.2 ಮಿಲಿಮೀಟರ್ ಮೇಲೆ-ಕೆಳಗೆ ಆಗುತ್ತದೆ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯೇ 0.5 ಮಿಲಿಮೀಟರ್. ಸುಮಾರು 400 ರೂಪಾಯಿಯ ಸೀಲ್ ಬದಲಿಸಿದೆ. ಸೀಲ್ ಕೂರಿಸುವಾಗ ನಾನು ಮಾಡಿದ ಒಂದು ಚಿಕ್ಕ ಕೆಲಸವನ್ನು ಮಾತ್ರ ಇಲ್ಲಿ ಬರೆಯಲ್ಲ. ಈಗ 30 ಹೊಡೆತಕ್ಕೆ ಎಸ್‌ಡಿ 0.8, ಮೊದಲ ಹೊಡೆತ ಸೇರಿಸಿಯೇ. ದಂಡ ಅಂದಿದ್ದ ಹಿರಿಯರು ಹೋದ ಭಾನುವಾರ ಕ್ರೋನೋ ಕೇಳಿ ತಗೊಂಡು ಹೋದರು.